ಬೀದಿಬದಿಯ ಸಂಸಾರಗಳು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಇವೆರಡೂ ಸಂಸಾರಿಗೆ ಒದಗುವ ದೊಡ್ಡ ಪರೀಕ್ಷೆಗಳೆಂಬುದು ಅದರ ತಾತ್ಪರ್ಯ. ಆದರೆ ಕಟ್ಟಲು ನಿವೇಶನವಿಲ್ಲದೆ, ಬಾಡಿಗೆಗೆ ಒಂದು ಕೊಠಡಿಯನ್ನು ಹಿಡಿಯುವ ಶಕ್ತಿಯೂ ಇಲ್ಲದೆ, ದೊಡ್ಡ ಪಟ್ಟಣದ ಬೀದಿಯ ಅಂಚಿನಲ್ಲಿ ಒಲೆ ಹೂಡಿ ಮಕ್ಕಳನ್ನು ಸಾಕುವವರಿಗೆ ಈ ಗಾದೆ ಏನನ್ನು ಹೇಳೀತು? ಅಂಥವರಿಗೆ ಲೋಕೋಪಕಾರಿಯಾದ ಒಂದು ಸಂಸ್ಥೆ ಹೇಗೆ ನೆರವಾಗಬಲ್ಲುದೆಂಬುದೇ ಇಂದು ನಾವು ವಿಚಾರಕ್ಕೆ ಎತ್ತಿಕೊಂಡಿರುವ ವಿಷಯ. ಬರಿಯ ತತ್ತ್ವವನ್ನು ಹೇಳುವುದಕ್ಕಿಂತ ನಡೆದ ಒಂದು ದೃಷ್ಟಾಂತವನ್ನು ನೋಡುವುದು ಲೇಸು. ಮುಂಬಯಿ ನಗರದ ಬೈಕುಲಾ ಎಂಬ ಭಾಗದಲ್ಲಿ 1984ರಲ್ಲಿ ಆರಂಭವಾದ ಕಾರ್ಯವನ್ನು ಅದಕ್ಕಾಗಿ ಆರಿಸಿಕೊಂಡಿದ್ದೇವೆ.

ಮೊದಲು ನಮ್ಮಲ್ಲಿರುವ ಒಂದು ತಪ್ಪು ಗ್ರಹಿಕೆಯನ್ನು ಬಿಡಬೇಕು. ಕಾಲುದಾರಿಯ ಮೇಲೆ ಹಳೆಯ ಹಲಗೆ, ಗೋಣಿತಾಟುಗಳ ಗುಡಿಸಲನ್ನು ಕಂಡೊಡನೆ, ಅಲ್ಲಿರುವವರು ಭಿಕ್ಷುಕರು, ಸೋಮಾರಿಗಳು, ನಿನ್ನೆ ಬಂದು ನಾಳೆ ಹೋಗತಕ್ಕವರು ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಬೈಕುಲಾದಲ್ಲಿ ವಿಚಾರಿಸಿ ನೋಡಿದವರಿಗೆ ಕಂಡದ್ದು ಬೇರೆ. ಅಲ್ಲಿನವರಲ್ಲಿ ಬಹುಮಂದಿ ದುಡಿಯುವವರು: ಮೂಟೆ ಹೊರುವವರು, ಕೈಗಾಡಿ ಎಳೆಯುವವರು, ಹಣ್ಣು ತರಕಾರಿ ಮಾರುವವರು, ಪರರ ಮನೆಯಲ್ಲಿ ಪಾತ್ರೆ ತೊಳೆಯುವವರು. ಹುಟ್ಟಿದ ಊರಿನಲ್ಲಿ ಅನ್ನ ಹುಟ್ಟದೆ ಬಂದವರು. ಬಂದು ಹತ್ತಿಪ್ಪತ್ತು ವರ್ಷಗಳಾದವರೂ ಉಂಟು. ದೂರದಲ್ಲಿ ಅಗ್ಗದ ಗುಡಿಸಲು ದೊರೆತರೂ ರೈಲಿನ ಚಾರ್ಜಿಗೆ ಕೂಲಿ ಸಾಲದು. ಆದುದರಿಂದ ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಅವರು ಸಂಸಾರ ಹೂಡಿದರು.

ಇಂಥವರ ಬದುಕಿನ ದೊಡ್ಡ ಭಯವೆಂದರೆ ಇರುವ ಗುಡಿಸಲೂ ಹೋಗುವುದು. 1981ರ ಜುಲೈ ತಿಂಗಳಿನಲ್ಲಿ, ಮಳೆಗಾಲದ ನಡುವೆ, ಅಧಿಕಾರಿಗಳು ಮುಂಬಯಿಯ ಕಾಲುದಾರಿಯ ಗುಡಿಸಲುಗಳನ್ನು ಕೆಡವಿಸಿ, ಅಲ್ಲಿದ್ದವರನ್ನು ಬಸ್ಸುಗಳಲ್ಲಿ ತುಂಬಿ ನಗರದ ಹೊರಕ್ಕೆ ಸಾಗಿಸತೊಡಗಿದರು. ಓಲ್ಗಾ ಟೆಲ್ಲಿಸ್ ಎಂಬ ಪತ್ರಕರ್ತೆಯೂ ಗುಡಿಸಲಿನ ನಿವಾಸಿಗಳು ಕೆಲವರೂ ನ್ಯಾಯಾಲಯದ ಮೊರೆಹೊಕ್ಕರು. 1985ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಕವಾಗಿದೆಯೆಂದು ಸಾರಿತು. ಇದು ದೊಡ್ಡ ಮಾತು. ಆದರೆ ಅದೇ ತೀರ್ಪು, ಕಾಲುದಾರಿ ನಡೆಯುವವರಿಗಾಗಿ ಇರತಕ್ಕದ್ದೆಂದೂ, ಮುನ್ಸೂಚನೆ ಕೊಟ್ಟು, ಮಳೆಗಾಲ ಕಳೆದ ಮೇಲೆ ಅಲ್ಲಿಯವರನ್ನು ತೆರವುಗೊಳಿಸಬಹುದೆಂದೂ ಹೇಳಿತು. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದಿದ್ದವರಿಗೆ ಬದಲಿ ಜಾಗ ಕೊಡಬೇಕೆಂಬ ಮಾತೂ ಅದರಲ್ಲಿತ್ತು. ಕಾಲುದಾರಿಯ ಸಂಸಾರಗಳಿಗೆ ಇದರಿಂದ ಏನು ಬಂತು? ಅವರಲ್ಲಿ ಬಹುಮಂದಿ ಆ ಗಣತಿಯ ಹೊರಗೇ ಉಳಿದಿದ್ದರು. ಲೆಕ್ಕಕ್ಕೆ ಸೇರದವರಿಗೆ ಬದಲಿ ಜಾಗದ ಮಾತೇ ಇಲ್ಲ.

'ಸ್ಪಾರ್ಕ್' ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಸಂಸ್ಥೆ ಹುಟ್ಟಿದ್ದು ಇದೇ ಸಂದರ್ಭದಲ್ಲಿ. ಶೀಲಾ ಪಟೇಲ್ ಮೊದಲಾದ ಕೆಲವರು ವಿದ್ಯಾವಂತರು 1984ರಲ್ಲಿ ಇದನ್ನು ಸ್ಥಾಪಿಸಿ, ಬೈಕುಲಾದಲ್ಲಿ ನಗರಸಭೆಯ ಔಷಧಾಲಯವೊಂದರ ಆವರಣದಲ್ಲಿ ಸ್ಥಳ ಪಡೆದು ಕುಳಿತರು. ಅನ್ನ ಬಟ್ಟೆ ಹಂಚುವುದನ್ನು ಅವರು ಮುಖ್ಯವೆಂದು ಎಣಿಸಲಿಲ್ಲ. ಬೀದಿಬದಿಯ ಹೆಂಗಸರು ಬಂದು ಕುಳಿತು ತಮ್ಮ ಕಷ್ಟವನ್ನು ತಾವೇ ಮಾತಾಡಿಕೊಳ್ಳುವ ತಾಣವಾಗಲೆಂಬುದು ಅವರ ಉದ್ದೇಶ. ತೀರ್ಪಿನ ವರ್ಷದಲ್ಲಿಯೇ ಅಲ್ಲಿನವರ ನೆರವಿನಿಂದ ಸುಮಾರು 6,000 ಸಂಸಾರಗಳ ಗಣತಿ ನಡೆಯಿತು: ಎಲ್ಲಿಂದ ಬಂದರು, ಯಾವಾಗ ಬಂದರು, ಏನು ದುಡಿಯುತ್ತಾರೆ, ಎಷ್ಟು ಮಕ್ಕಳು. ಅದರ ವರದಿಗೆ ಅವರು ಇಟ್ಟ ಹೆಸರಿನ ಅರ್ಥ 'ಕಣ್ಣಿಗೆ ಕಾಣದ ನಾವು' ಎಂದು. ಕೆಡವಲು ಬಂದವರ ಮುಂದೆ ಅಳುವುದೊಂದೇ ಗೊತ್ತಿದ್ದವರಿಗೆ, ಇನ್ನು ಮುಂದೆ ತೋರಿಸಲು ಒಂದು ಕಾಗದ ದೊರೆಯಿತು.

1986ರಲ್ಲಿ ಈ ಹೆಂಗಸರು 'ಮಹಿಳಾ ಮಿಲನ್' ಎಂಬ ತಮ್ಮದೇ ಕೂಟವನ್ನು ಕಟ್ಟಿಕೊಂಡರು. ಅದರ ಮೊದಲ ಕೆಲಸ ಉಳಿತಾಯ. ದಿನದ ಕೂಲಿಯವರಿಂದ ತಿಂಗಳಿಗೊಮ್ಮೆ ಹಣ ಕೇಳಿದರೆ ಹುಟ್ಟುವುದಿಲ್ಲ. ಆದುದರಿಂದ ಅವರಲ್ಲೊಬ್ಬಳು ದಿನವೂ ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ರೂಪಾಯಿಯೋ ಎರಡು ರೂಪಾಯಿಯೋ, ಕೊಟ್ಟಷ್ಟನ್ನು ಕೂಡಿಸುತ್ತಿದ್ದಳು. ಓದುಬರಹವಿಲ್ಲದ ಕಾರಣ ಒಂದೊಂದು ಮೊಬಲಗಿಗೆ ಒಂದೊಂದು ಬಣ್ಣದ ಕಾಗದದ ತುಂಡನ್ನು ಗೊತ್ತುಮಾಡಿ, ಅವನ್ನು ಒಬ್ಬೊಬ್ಬರ ಚೀಲದಲ್ಲಿ ಹಾಕಿಡುತ್ತಿದ್ದರು. ಬಣ್ಣವನ್ನು ಎಣಿಸಿದರೆ ಲೆಕ್ಕ ತಿಳಿಯಿತು. ಮಗುವಿಗೆ ಜ್ವರ, ಗಂಡನಿಗೆ ಕೆಲಸವಿಲ್ಲ, ಊರಿನಲ್ಲಿ ಸಾವು, ಇಂಥ ಹೊತ್ತಿನಲ್ಲಿ ಈ ಗಂಟಿನಿಂದಲೇ ಸಾಲ. ಲೇವಾದೇವಿಯವನ ಕೈಗೆ ಸಿಕ್ಕಿ ಪಾತ್ರೆಪಗಡಿ ಕಳೆದುಕೊಳ್ಳುವುದು ಹೀಗೆ ತಪ್ಪಿತು. ಹಣಕ್ಕಿಂತಲೂ ಹೆಚ್ಚಿನ ಲಾಭ ಮತ್ತೊಂದು: ದಿನವೂ ಬಾಗಿಲಿಗೆ ಬರುವವಳಿಗೆ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ತಾನಾಗಿ ತಿಳಿಯುತ್ತಿತ್ತು.

ಎರಡನೆಯದು ಕಚೇರಿಯ ವ್ಯವಹಾರ. ವಿಳಾಸವಿಲ್ಲದವರಿಗೆ ಪಡಿತರ ಚೀಟಿ ಇಲ್ಲ; ಚೀಟಿ ಇಲ್ಲದವರಿಗೆ ತಾವು ಇಂಥ ಊರಿನವರೆಂದು ತೋರಿಸಲು ಆಧಾರವಿಲ್ಲ. ಯಾವ ಕಚೇರಿ, ಯಾವ ಅರ್ಜಿ, ಯಾರನ್ನು ಏನು ಕೇಳಬೇಕು ಎಂಬುದನ್ನು ಸಂಸ್ಥೆಯವರು ವಿಚಾರಿಸಿ ತಿಳಿಸಿದರು, ಹೋದವರು ಹೆಂಗಸರೇ. ಪೊಲೀಸು ಠಾಣೆಗೂ ಒಬ್ಬಳೇ ಹೋಗದೆ ಹತ್ತು ಮಂದಿ ಕೂಡಿ ಹೋಗುವುದು ರೂಢಿಯಾಯಿತು. ಒಂದು ಬೀದಿಯವರು ಕಲಿತದ್ದನ್ನು ಮುಂದಿನ ಬೀದಿಯವರಿಗೆ ಅವರೇ ಕಲಿಸಿದರು.

ಮೂರನೆಯದು ನಾವು ಆರಂಭದಲ್ಲಿ ಹೇಳಿದ ಗಾದೆಗೆ ಸಂಬಂಧಿಸಿದ್ದು. ಮುಂದೆ ಎಂದಾದರೂ ಮನೆ ದೊರೆತರೆ ಅದು ಹೇಗಿರಬೇಕೆಂದು ಯೋಚಿಸಲು ಆ ಹೆಂಗಸರು ಕುಳಿತರು. ಅಡಿ ಅಂಗುಲಗಳ ಲೆಕ್ಕ ಅವರಿಗೆ ಹೊಸದು. ಸೀರೆಯ ಉದ್ದ ಬಲ್ಲದ್ದು. ಸೀರೆಯಿಂದ ಅಳೆದು ಕೋಣೆಯ ಅಗಲವನ್ನೂ ಗೋಡೆಯ ಎತ್ತರವನ್ನೂ ಗೊತ್ತುಮಾಡಿದರು. ನೆಲ ಕಿರಿದಾದರೆ ಎತ್ತರವಾದರೂ ಇರಲಿ, ಒಳಗೊಂದು ಅಟ್ಟ ಹಾಕಿಕೊಳ್ಳಬಹುದು ಎಂಬ ಎಣಿಕೆಯಿಂದ ಹದಿನಾಲ್ಕು ಅಡಿ ಎತ್ತರದ ಮನೆಯನ್ನು ಯೋಜಿಸಿದರು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ, ಮನೆಯಷ್ಟೇ ದೊಡ್ಡ ಮಾದರಿಯನ್ನು ನಿಲ್ಲಿಸಿ, ಅಧಿಕಾರಿಗಳನ್ನು ಕರೆದು ತೋರಿಸಿದರು. ಮನೆಯನ್ನು ನಿಜವಾಗಿಯೂ ಕಟ್ಟಿ ನೋಡಿದರೆನ್ನಬೇಕು!

ಈ ಕಾರ್ಯದಲ್ಲಿ ಅವರಿಗೆ ಜೊತೆಯಾದ ಜೋಕಿನ್ ಅರ್ಪುದಂ ಅವರು ನಮ್ಮ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಹುಟ್ಟಿದವರು. ಮುಂಬಯಿಗೆ ಹೋಗಿ ಜನತಾ ಕಾಲೋನಿ ಎಂಬ ಗುಡಿಸಲಿನ ವಸತಿಯಲ್ಲಿ ನೆಲಸಿದರು. ಆ ವಸತಿಯನ್ನು ಉಳಿಸಲು ಎಷ್ಟು ಹೋರಾಡಿದರೂ 1976ರಲ್ಲಿ ಅದು ನೆಲಸಮವಾಯಿತು. ಆ ಸೋಲಿನಿಂದ ಕಲಿತ ಪಾಠವೇ ಅವರ ಮುಂದಿನ ಕೆಲಸಕ್ಕೆ ತಳಹದಿ: ಕೆಡವುವುದನ್ನು ತಡೆಯುವುದಷ್ಟೇ ಸಾಲದು, ಬದಲಿಗೆ ಏನು ಆಗಬೇಕೆಂಬುದನ್ನು ಬಡವರೇ ಸಿದ್ಧಪಡಿಸಿಟ್ಟಿರಬೇಕು. 2000ದಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 2018ರಲ್ಲಿ ಅವರು ತೀರಿಕೊಂಡರು.

ಫಲವೇನಾಯಿತೆಂದು ಶ್ರೋತೃಗಳು ಕೇಳುವುದು ಸಹಜ. 1995ರ ಪುನರ್ವಸತಿ ಯೋಜನೆಯಲ್ಲಿ ಕಾಲುದಾರಿಯವರಿಗೂ ಬದಲಿ ಮನೆಯ ಹಕ್ಕು ದೊರೆಯಿತು. ಆದರೆ ಆ ವರ್ಷದ ಜನವರಿ 1ಕ್ಕೆ ಮುಂಚೆ ಅಲ್ಲಿದ್ದುದಕ್ಕೆ ಆಧಾರ ಬೇಕು. ಹಿಂದೆ ಕೂಡಿಸಿಟ್ಟ ಪಟ್ಟಿ, ಚೀಟಿಗಳ ಬೆಲೆ ಆಗ ಗೊತ್ತಾಯಿತು. ರೈಲು ಹಳಿಗಳ ಅಂಚಿನಲ್ಲಿ ಪ್ರಾಣವನ್ನು ಕೈಯಲ್ಲಿ ಹಿಡಿದು ಬದುಕಿದ್ದವರನ್ನು ಸ್ಥಳಾಂತರಿಸುವಾಗಲೂ ಎಣಿಕೆ ಹಂಚಿಕೆಗಳನ್ನು ಬಹುಮಟ್ಟಿಗೆ ನಿವಾಸಿಗಳೇ ನಡೆಸಿದರು. 2000ದ ಆಸುಪಾಸಿನಲ್ಲಿ ಹೀಗೆ 60,000ಕ್ಕೂ ಮಿಕ್ಕ ಜನ, ಬಲಾತ್ಕಾರವಿಲ್ಲದೆ, ನೆರೆಹೊರೆಯವರೊಡನೆ ಕೂಡಿ ಹೊಸ ವಸತಿಗಳಿಗೆ ಹೋದರು.

ಇದನ್ನು ಬರಿಯ ಜಯದ ಕಥೆಯೆಂದು ಹೇಳಿದರೆ ತಪ್ಪಾದೀತು. ಬೈಕುಲಾದ ಹೆಂಗಸರು ಬಟ್ಟೆಯ ಮನೆಯನ್ನು ನಿಲ್ಲಿಸಿದಾಗಿನಿಂದ ಇಟ್ಟಿಗೆಯ ಮನೆಯನ್ನು ಕಾಣುವವರೆಗೆ ಎಷ್ಟೋ ವರ್ಷಗಳು ಕಳೆದುವು, ಕಾಯುತ್ತಲೇ ಮುದುಕಿಯರಾದವರುಂಟು. ಮನೆಗಳು ದೊರೆತ ಮಾನ್‌ಖುರ್ದ್ ನಗರದ ಅಂಚಿನಲ್ಲಿದೆ. ಕೂಲಿಯ ಹತ್ತಿರವಿರಲೆಂದು ಬೀದಿಯಲ್ಲಿ ಬದುಕಿದವರಿಗೆ ಆ ದೂರ ಹಗುರವಾದುದಲ್ಲ. ಬಡವರು ದಿನಕ್ಕೊಂದು ರೂಪಾಯಿ ಉಳಿಸಿದ ಮಾತ್ರಕ್ಕೆ ಮುಂಬಯಿಯಲ್ಲಿ ನೆಲ ಕೊಳ್ಳಲಾಗದು. ನೆಲವನ್ನು ಒದಗಿಸುವ ಹೊಣೆ ಸರ್ಕಾರದ್ದೇ. ಸಂಸ್ಥೆ ಮಾಡಬಲ್ಲದ್ದು, ಆ ಹೊಣೆಯನ್ನು ಕೇಳಿ ಪಡೆಯುವ ಶಕ್ತಿ ಬರುವವರೆಗೆ ಸಂಸಾರ ಒಡೆಯದಂತೆ ಆತು ನಿಲ್ಲುವುದು.

ನಮ್ಮಂಥ ಓದುಬರಹ ಬಲ್ಲವರಿಗೆ ಇದರಿಂದ ತಿಳಿಯತಕ್ಕದ್ದೊಂದಿದೆ. ಹಬ್ಬದ ದಿನ ಕಂಬಳಿ ಹಂಚುವುದನ್ನು ನಾವು ಹಳಿಯುವುದಿಲ್ಲ. ಚಳಿಯಲ್ಲಿ ನಡುಗುವವನಿಗೆ ಕಂಬಳಿ ಬೇಕು. ಆದರೆ ಕಂಬಳಿ ಪಡೆದವನ ಹೆಸರನ್ನು ನಾವು ಕೇಳುವುದಿಲ್ಲ, ಮರುದಿನ ಅವನು ಎಲ್ಲಿದ್ದಾನೆಂದು ವಿಚಾರಿಸುವುದಿಲ್ಲ. ನಮ್ಮ ನುಡಿಯಲ್ಲಿ 'ಮನೆ'ಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ಮನೆಯವರು, ಮನೆತನ, ಮನೆಯ ಹೆಸರು ಎಲ್ಲವೂ ಅದರಲ್ಲಿ ಸೇರಿವೆ. ಗೋಡೆಯನ್ನು ಕಟ್ಟಿಕೊಡುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರಲಾರದು. ಒಂದು ಅರ್ಜಿಯನ್ನು ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗಿ ನಿಲ್ಲುವುದು, ತೆರವಿನ ನೋಟೀಸನ್ನು ಓದಿ ಅದರ ಅರ್ಥವನ್ನು ತಿಳಿಸುವುದು, ಇವು ನಮ್ಮ ಕೈಲಾಗದ ಕೆಲಸಗಳಲ್ಲ. ನಮ್ಮ ಬೀದಿಯ ತಿರುವಿನಲ್ಲಿಯೂ ಅಂಥ ಸಂಸಾರವೊಂದು ಇದ್ದೀತು. ನಾಳೆ ಆ ದಾರಿಯಲ್ಲಿ ಹೋಗುವಾಗ ಒಂದು ಗಳಿಗೆ ನಿಂತು ಅವರ ಹೆಸರನ್ನು ಕೇಳಬಹುದಲ್ಲವೆ ಎಂಬ ಪ್ರಶ್ನೆಯನ್ನು ಶ್ರೋತೃಗಳ ಆಲೋಚನೆಗೆ ಒಪ್ಪಿಸಿ ವಿರಮಿಸುತ್ತೇವೆ.