ಅಜ್ಜನ ಸರ್ಪಸುತ್ತು, ಮೊಮ್ಮಗನ ಸೀತಾಳೆ ಸಿಡುಬು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1992ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಮ್ಮ ಕಡೆ ಇದು ಕೊಟ್ಟೂರಿನ ತೇರು, ಮೈಲಾರದ ಜಾತ್ರೆಯ ಕಾಲ. ಚಳಿ ಇಳಿದು ಬಿಸಿಲೇರುವ ಈ ಹೊತ್ತಿನಲ್ಲೇ ಮಕ್ಕಳಿಗೆ 'ಅಮ್ಮ' ಬರುವುದೂ ಹೆಚ್ಚು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಔಷಧ ಕೊಟ್ಟರೆ ಅಮ್ಮ ಮುನಿಯುತ್ತಾಳೆಂದು ಸುಮ್ಮನಿರುವುದು ಕ್ರೈಸ್ತ ಮನೆಗಳಲ್ಲೂ ಉಂಟು. ಬೇವಿನ ಸೊಪ್ಪಿನೊಡನೆ ನನಗೆ ಜಗಳವಿಲ್ಲ, ಸುಮ್ಮನಿರುವುದರೊಡನೆ ಇದೆ.

ಇದು ಹಿಂದಿನವರು ಹೆದರುತ್ತಿದ್ದ ದೊಡ್ಡ ಸಿಡುಬಲ್ಲ. ಅದರ ಕೊನೆಯ ರೋಗಿ ಭಾರತದಲ್ಲಿ ಕಂಡದ್ದು 1975ರಲ್ಲಿ. ಈಗಿನದು ಸೀತಾಳೆ ಸಿಡುಬು, ಅಂದರೆ ಚಿಕನ್ ಪಾಕ್ಸ್. ವ್ಯಾರಿಸೆಲ್ಲಾ ಜೋಸ್ಟರ್ ಎಂಬ ವೈರಸ್ ಇದಕ್ಕೆ ಕಾರಣ. ತಗುಲಿದ 10ರಿಂದ 21 ದಿನಗಳಲ್ಲಿ ಜ್ವರ, ಗುಳ್ಳೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲವೂ ಒಣಗಿ ಹಕ್ಕಳೆ ಕಟ್ಟುವವರೆಗೆ ಇತರರಿಗೆ ಅಂಟುತ್ತದೆ.

ಮಗು ಚೇತರಿಸಿಕೊಂಡರೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿರುತ್ತದೆ. ಎಷ್ಟೋ ವರ್ಷಗಳ ನಂತರ, ಮುಪ್ಪಿನಿಂದಲೋ ಬೇರೆ ಕಾಯಿಲೆಯಿಂದಲೋ ಮೈ ಸೋತಾಗ, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದೇ ಸರ್ಪಸುತ್ತು. ನರ ಬೆನ್ನಿನಿಂದ ಎದೆಯ ಕಡೆ ಬಾಗಿ ಹೋಗುವುದರಿಂದ ಗುಳ್ಳೆಗಳ ಸಾಲು ಹಾವಿನಂತೆ ಕಾಣುತ್ತದೆ, ಅಷ್ಟೇ. ಹಾವು ಕೊಂದ ಶಾಪವಲ್ಲ. ತಲೆ ಬಾಲ ಕೂಡಿದರೆ ಸಾವು ಎಂಬುದೂ ನಿಜವಲ್ಲ. ಸಾಮಾನ್ಯವಾಗಿ ಅದು ಮೈಯ ಒಂದೇ ಪಕ್ಕದಲ್ಲಿ ನಿಲ್ಲುತ್ತದೆ. ಸರ್ಪಸುತ್ತು ಇದ್ದವರ ಮನೆಯ ಮಕ್ಕಳಿಗೆ ಚಿಕನ್ ಪಾಕ್ಸ್ ಬರುವುದನ್ನು ಬುಡಾಪೆಸ್ಟಿನ ವೈದ್ಯ ಬೋಕೈ 19ನೆಯ ಶತಮಾನದ ಕೊನೆಯಲ್ಲೇ ಗುರುತಿಸಿದ್ದರು.

ಕೆಮ್ಮಣ್ಣು ಬಳಿಸಿಕೊಂಡು ವಾರ ಕಳೆದ ಹಿರಿಯರನ್ನು ಕಂಡಿದ್ದೇನೆ. ಗುಳ್ಳೆ ಮಾಯ್ದರೂ ಉರಿ ತಿಂಗಳುಗಟ್ಟಲೆ. ಅಂಗಿ ತಾಗಿದರೂ ನೋವು. ಅಸೈಕ್ಲೋವಿರ್ ಮಾತ್ರೆಯನ್ನು ಗುಳ್ಳೆ ಕಂಡ 3 ದಿನದೊಳಗೆ ಆರಂಭಿಸಿದರೆ ಹೆಚ್ಚು ಫಲ. ಆದ್ದರಿಂದ ಮೊದಲು ಡಾಕ್ಟರು. ಕಣ್ಣಿನ ಬಳಿ ಎದ್ದರೆ ಅಂದೇ ಹೋಗಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಎರಡಕ್ಕೂ ಲಸಿಕೆ ಇದೆ, ವೈದ್ಯರನ್ನು ಕೇಳಿ. ಹೆರಿಗೆಗೆ ತವರಿಗೆ ಬಂದ ಮಗಳಿಗೆ ಚಿಕನ್ ಪಾಕ್ಸ್ ಮೊದಲು ಬಂದಿರದಿದ್ದರೆ ರೋಗಿಯ ಕೋಣೆಗೆ ಬಿಡಬೇಡಿ. ತಾಯಿಗೂ ಮಗುವಿಗೂ ಅಪಾಯ.

ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಯಾಜಕನು ಚರ್ಮರೋಗ ಕಂಡವನನ್ನು ಏಳು ದಿನ ಬೇರೆ ಇರಿಸುತ್ತಾನೆ. ಏಳನೆಯ ದಿನ ಅವನನ್ನು ಮತ್ತೆ ನೋಡುತ್ತಾನೆ. ಬೇರೆ ಇರಿಸುವುದನ್ನು ನಾವು ಬಲ್ಲೆವು, ಮತ್ತೆ ಹೋಗಿ ನೋಡುವುದನ್ನು ಮರೆಯುತ್ತೇವೆ. ಮೈಮೇಲೆ ಗುಳ್ಳೆ ಇದ್ದವರು ಹಬ್ಬದ ಬಲಿಪೂಜೆಗೆ ಬರದಿದ್ದರೆ ಪಾಪವೇನಿಲ್ಲ. ಗುರುಮನೆಗೆ ಹೇಳಿ ಕಳುಹಿಸಿ, ಪರಮಪ್ರಸಾದ ಮನೆಗೆ ತರುತ್ತೇನೆ. ನನಗೆ ಚಿಕನ್ ಪಾಕ್ಸ್ ಎರಡನೇ ತರಗತಿಯಲ್ಲೇ ಬಂದು ಹೋಗಿದೆ.