ಗಡ್ಡಿ, ಗುಲ್ಮ, ನೀರುಚೀಲ: ಮುನಿರಾಬಾದ್ ಪರಿಸರದಲ್ಲಿ ಹೆಣ್ಣಿನ ಕಿಬ್ಬೊಟ್ಟೆಯ ಬೇನೆ

ಜನಪದ ವೈದ್ಯವನ್ನು ಕುರಿತ ಕನ್ನಡ ಸಂಗ್ರಹಗಳಲ್ಲಿ ಹಾವು ಕಡಿತ, ಕಾಮಾಲೆ, ಮೂಳೆ ಮುರಿತಗಳಿಗೆ ದೊರೆತಿರುವ ಸ್ಥಾನ ಹೆಣ್ಣಿನ ಕಿಬ್ಬೊಟ್ಟೆಯ ಬೇನೆಗಳಿಗೆ ದೊರೆತಿಲ್ಲ. ಗಂಡಸು ಸಂಗ್ರಾಹಕರ ಮುಂದೆ ಹೆಣ್ಣುಮಕ್ಕಳು ಇಂಥ ಸಂಗತಿಗಳನ್ನು ಬಾಯಿಬಿಟ್ಟು ಹೇಳದಿರುವುದು ಇದಕ್ಕೆ ಒಂದು ಕಾರಣವಿರಬೇಕು. ತುಂಗಭದ್ರೆಯ ಎಡದಂಡೆಯ ಮುನಿರಾಬಾದ್, ನೆರೆಯ ಹುಲಿಗಿ, ಆಚೆಗೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಆಡುಮಾತಿನಲ್ಲಿ ‘ಹೊಟ್ಯಾಗ ಗಡ್ಡಿ’ ಎಂಬ ಒಂದೇ ನುಡಿ ಹಲವು ಬೇನೆಗಳನ್ನು ಹೊತ್ತಿದೆ. ಗರ್ಭಕೋಶದ ಗಟ್ಟಿ ಮಾಂಸಗಂಟು, ಅಂಡಾಶಯದ ನೀರುಚೀಲ, ಕ್ಯಾನ್ಸರ್ ಮೂರೂ ಗಡ್ಡಿಯೇ. ಈ ಮೂರಕ್ಕೂ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಪರಿಭಾಷೆಯ ಈ ಪ್ರಶ್ನೆ ಕೇವಲ ಭಾಷಿಕವಾದುದಲ್ಲ.

ನೀರುಚೀಲ ಅಥವಾ ಸಿಸ್ಟ್ ಎಂಬುದು ದ್ರವ ತುಂಬಿದ ಚೀಲ. ಪ್ರತಿ ಮುಟ್ಟಿನ ಚಕ್ರದಲ್ಲಿ ಅಂಡಾಶಯದಲ್ಲಿ ಅಂಡವನ್ನು ಹೊತ್ತ ಕೋಶವೊಂದು ಸುಮಾರು 2 ಸೆಂ.ಮೀ. ಬೆಳೆದು ಒಡೆಯುತ್ತದೆ. ಒಡೆಯದೆ ಉಳಿದರೆ ಅದೇ ನೀರುಚೀಲವಾಗುತ್ತದೆ. ಇಂಥವು ಬಹುಮಟ್ಟಿಗೆ ಎರಡು ಮೂರು ಮುಟ್ಟುಗಳೊಳಗೆ ತಾವಾಗಿಯೇ ಕರಗುತ್ತವೆ. ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲನ್ನೂ ಒಳಗೊಂಡ ಡರ್ಮಾಯ್ಡ್ ಚೀಲವಾಗಲಿ, ಹಳೆಯ ರಕ್ತ ತುಂಬಿದ ಎಂಡೊಮೆಟ್ರಿಯೋಮಾ ಆಗಲಿ ಹಾಗೆ ಕರಗುವುದಿಲ್ಲ. ಪಿಸಿಒಎಸ್ ಎಂಬುದು ಹಾರ್ಮೋನಿನ ಏರುಪೇರು. ಅಲ್ಲಿ ಕಾಣುವುದು ಬೆಳೆಯದೆ ನಿಂತ ಸಣ್ಣ ಅಂಡಕೋಶಗಳೇ ಹೊರತು ಗಡ್ಡಿಯಲ್ಲ.

ಶಾಸ್ತ್ರಪರಂಪರೆಯೂ ಈ ಗೊಂದಲವನ್ನು ಬಲ್ಲದು. ಸ್ತ್ರೀಯರಲ್ಲಿ ಮಾತ್ರ ಉಂಟಾಗುವ, ಬಸಿರನ್ನೇ ಹೋಲುವ ‘ರಕ್ತಗುಲ್ಮ’ವನ್ನು ಚರಕಸಂಹಿತೆ ವರ್ಣಿಸುತ್ತದೆ, ಹತ್ತು ತಿಂಗಳು ಕಳೆದ ಮೇಲೆಯೇ ಚಿಕಿತ್ಸೆ ಮಾಡಬೇಕೆಂದು ವಿಧಿಸುತ್ತದೆ. ಬಸಿರೋ ಬೇನೆಯೋ ತಿಳಿಯುವ ಬೇರೆ ದಾರಿಯಿಲ್ಲದ ಕಾಲದ ಎಚ್ಚರಿಕೆಯಿದು. ಮುಟ್ಟು ನಿಂತು ಹೊಟ್ಟೆ ಬೆಳೆದು ಕೂಸು ಕಾಣದ ಹೆಣ್ಣಿನ ಸಂಕಟಕ್ಕೆ ಈ ಸೀಮೆಯಲ್ಲಿ ಒದಗುವ ಇನ್ನೊಂದು ಆಸರೆ ಹುಲಿಗೆಮ್ಮನ ಹರಕೆ ಮತ್ತು ಉಡಿ. ಹರಕೆ ಆಸ್ಪತ್ರೆಯ ದಾರಿಯನ್ನು ಅಡ್ಡಗಟ್ಟುವುದಿಲ್ಲ. ಎರಡೂ ಜೊತೆಯಲ್ಲಿ ಸಾಗುವುದುಂಟು. ಅಪಾಯವಿರುವುದು ‘ಬಟ್ಟಿ ಸರಿದಿದೆ’ ಎಂದು ಹೊಟ್ಟೆಯನ್ನು ಬಲವಾಗಿ ತಿಕ್ಕಿಸುವುದರಲ್ಲಿ. ಅದರಿಂದ ಚೀಲ ಒಡೆಯಬಹುದು, ರೋಗನಿರ್ಣಯ ತಡವಾಗಬಹುದು.

ಸ್ಕ್ಯಾನಿಂಗ್‌ನಲ್ಲಿ ಕಾಣುವ, ತೆಳುಗೋಡೆಯ, ಒಳಗೆ ನೀರು ಮಾತ್ರವಿರುವ 5 ಸೆಂ.ಮೀ.ಗಿಂತ ಸಣ್ಣ ಚೀಲಕ್ಕೆ ಮುಟ್ಟು ನಿಲ್ಲದ ಮಹಿಳೆಯರಲ್ಲಿ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಿಲ್ಲ. ಅದಕ್ಕಿಂತ ದೊಡ್ಡದನ್ನು ಮತ್ತೆ ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. ಗರ್ಭನಿರೋಧಕ ಗುಳಿಗೆಗಳು ಇರುವ ಚೀಲವನ್ನು ಬೇಗ ಕರಗಿಸುವುದಿಲ್ಲ. ಚೀಲ ಬೆಳೆಯುತ್ತಲೇ ಇದ್ದರೆ, ನೋವು ನಿಲ್ಲದಿದ್ದರೆ, ಒಳಗೆ ಗಟ್ಟಿಭಾಗ ಕಂಡರೆ ಶಸ್ತ್ರಕ್ರಿಯೆ. ಸಾಧ್ಯವಾದಲ್ಲಿ ಅಂಡಾಶಯವನ್ನು ಉಳಿಸಿ ಚೀಲವನ್ನಷ್ಟೇ ಲ್ಯಾಪ್ರೋಸ್ಕೋಪಿಯಿಂದ ತೆಗೆಯಲಾಗುತ್ತದೆ. ಮುಟ್ಟು ನಿಂತ ಮೇಲೆ ಕಾಣುವ ಚೀಲದ ವಿಷಯದಲ್ಲಿ ಕ್ಯಾನ್ಸರ್ ಶಂಕೆ ಹೆಚ್ಚಿರುವುದರಿಂದ ಸಿಎ-125 ರಕ್ತಪರೀಕ್ಷೆಯೂ ನಡೆಯುತ್ತದೆ. ವಾಂತಿಯೊಡನೆ ಥಟ್ಟನೆ ಏಳುವ ತೀವ್ರ ನೋವು ಅಂಡಾಶಯ ತಿರುಚಿಕೊಂಡಿರುವುದರ ಸೂಚನೆಯಿರಬಹುದು. ಅಲ್ಲಿ ತಾಸುಗಳ ಲೆಕ್ಕ.

ನೀರುಚೀಲವಿರುವುದು ಅಂಡಾಶಯದಲ್ಲಿ, ಗರ್ಭಚೀಲವನ್ನು ಮಾತ್ರ ತೆಗೆದರೆ ಅದು ಹೋಗುವುದಿಲ್ಲ. ಅಂಡಾಶಯಗಳನ್ನೂ ತೆಗೆದರೆ ಎಳೆಹರೆಯದಲ್ಲೇ ಮುಟ್ಟು ನಿಂತು ಮೂಳೆ ಸವೆತ, ಹೃದಯದ ಕಾಯಿಲೆಗಳ ಸಂಭವ ಹೆಚ್ಚುತ್ತದೆ. ಆದರೂ ‘ಗಡ್ಡಿ ಐತಿ, ಚೀಲ ತಗಸ್ರಿ’ ಎಂಬ ಮಾತು ಹೈದರಾಬಾದ್ ಕರ್ನಾಟಕ ಎಂದು ಕರೆಯಲಾಗುತ್ತಿದ್ದ ಈ ಭಾಗದಲ್ಲಿ ಬೇರೂರಿತು. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹಾಗೂ ದಲಿತ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ಬಹಿರಂಗಗೊಂಡವು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಕೊಪ್ಪಳದಲ್ಲಿ 2015ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಎರಡನೆಯ ಅಭಿಪ್ರಾಯ ಪಡೆಯಲು ಬಳ್ಳಾರಿಯವರೆಗೆ ಹೋಗಬೇಕಾದ ಒತ್ತಾಯ ತಗ್ಗಿದೆ. ಕ್ಷೇತ್ರಕಾರ್ಯಕ್ಕೆ ಹೋಗುವವರು ‘ಗಡ್ಡಿ’ ಎಂದು ಬರೆದುಕೊಂಡು ನಿಲ್ಲದೆ, ಅದು ನೀರಿನದೋ ಗಟ್ಟಿಯೋ, ಅಂಡಾಶಯದ್ದೋ ಗರ್ಭಚೀಲದ್ದೋ, ಎಷ್ಟು ಸೆಂ.ಮೀ. ಎಂದು ಹೇಳಲಾಗಿತ್ತು ಎಂಬುದನ್ನೂ ಕೇಳಿ ದಾಖಲಿಸಬೇಕಾಗಿದೆ.