ದೊಡ್ಡ ಕರುಳಿನ ಹುಣ್ಣು: ಸಂಕೋಚ ಬಿಟ್ಟು ಅರಿಯಬೇಕಾದ ಬೇನೆ

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ, ಗುರುಹಿರಿಯರ ಸ್ಮರಣೆ ಮತ್ತು ಬಾಲ್ಯದ ನೆನಪುಗಳ ನಡುವೆ, ಕರುಳಿನ ಬೇನೆಯೊಂದರ ಮಾತೇಕೆ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಅದಕ್ಕೆ ಕಾರಣವಿದೆ. ಕಂಡದ್ದನ್ನು ಕಂಡಂತೆ, ತಾಯ್ನುಡಿಯಲ್ಲಿ, ಸ್ಪಷ್ಟವಾಗಿ ಹೇಳುವುದನ್ನು ಕನ್ನಡ ಶಾಲೆ ನಮಗೆ ಕಲಿಸಿತು. ಹಾಗೆ ಹೇಳಲು ಸಂಕೋಚಪಟ್ಟು ಸುಮ್ಮನಿದ್ದುದರಿಂದಲೇ ಉಲ್ಬಣಿಸುವ ಬೇನೆಯೊಂದು ನಮ್ಮ ನಡುವೆ ಇದೆ. ವೈದ್ಯರು ಅದನ್ನು ‘ಅಲ್ಸರೇಟಿವ್ ಕೊಲೈಟಿಸ್’ ಎನ್ನುತ್ತಾರೆ. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ದೀರ್ಘಕಾಲದ ಬೇನೆ ಇದು.

ಎರಡು ತಪ್ಪು ಹೆಸರುಗಳು

ಇಚಲಕರಂಜಿಯ ಯಂತ್ರಮಗ್ಗದ ಕಾರಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುವ ಇಪ್ಪತ್ತೆಂಟರ ತರುಣನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಒಂದು ದಿನ ಮಲದೊಡನೆ ರಕ್ತ ಕಾಣಿಸುತ್ತದೆ. ನೆರೆಯವರು ‘ಮೂಲವ್ಯಾಧಿ’ ಎನ್ನುತ್ತಾರೆ. ಅದರ ಮಾತ್ರೆ ನುಂಗುತ್ತಾನೆ. ಕೆಲವು ದಿನಗಳಲ್ಲಿ ಲೋಳೆಯೂ ಬೀಳತೊಡಗುತ್ತದೆ. ಈಗ ಅದು ‘ಆಮಶಂಕೆ’ ಎಂದಾಗುತ್ತದೆ. ಅದರ ಮಾತ್ರೆಗಳೂ ಆರಂಭವಾಗುತ್ತವೆ. ನಡುವೆ ಬೇನೆ ತಾನಾಗಿ ತುಸು ಇಳಿದರೆ ಔಷಧ ಫಲಿಸಿತೆಂದು ಸಮಾಧಾನ. ಮತ್ತೆ ಮರುಕಳಿಸಿದರೆ ಮತ್ತೆ ಅದೇ ಚೀಟಿ. ಹೀಗೆ ವರ್ಷ ಕಳೆಯುವಷ್ಟರಲ್ಲಿ ತೂಕ ಇಳಿದು, ಮೈಯಲ್ಲಿ ರಕ್ತ ಕಡಿಮೆಯಾಗಿ, ಮೇಲಿಂದ ಮೇಲೆ ಮಗ್ಗ ಬಿಟ್ಟು ಶೌಚಕ್ಕೆ ಓಡಬೇಕಾಗಿ, ಕೆಲಸಕ್ಕೇ ಸಂಚಕಾರ ಬಂದಿರುತ್ತದೆ.

ಈ ತಪ್ಪಿಗೆ ನಮ್ಮ ಭಾಗದಲ್ಲಿ ಹಿನ್ನೆಲೆಯೂ ಇದೆ. ಪಂಚಗಂಗೆಯ ನೀರಿನ ಮಾಲಿನ್ಯ ನಮಗೆ ಹೊಸ ಸಂಗತಿಯಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಹಾನಿಯಾದುದನ್ನು ಯಾರೂ ಮರೆತಿಲ್ಲ. ಆದುದರಿಂದ ಹೊಟ್ಟೆಯ ಬೇನೆ ಯಾವುದೇ ಇರಲಿ, ನೀರಿನಿಂದಲೇ ಬಂದಿತೆಂದು ಭಾವಿಸುವುದು ಸಹಜ. ಬಹುಪಾಲು ಸಂದರ್ಭಗಳಲ್ಲಿ ಆ ಊಹೆ ಸರಿಯಾಗಿಯೂ ಇರುತ್ತದೆ. ಆದರೆ ರಕ್ತ ಮತ್ತು ಲೋಳೆ ಕೂಡಿದ ಭೇದಿ ನಾಲ್ಕಾರು ವಾರ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಮತ್ತೆ ಬಂದರೆ, ಊಹೆಯನ್ನು ಬಿಟ್ಟು ಪರೀಕ್ಷೆಗೆ ಹೋಗುವುದು ಅವಶ್ಯ.

ಈ ಬೇನೆಗೆ ತಪ್ಪು ಹೆಸರು ಬೀಳುವುದು ಮೊದಲಿನಿಂದಲೂ ನಡೆದು ಬಂದಿದೆ. 1859ರಲ್ಲಿ ಇಂಗ್ಲೆಂಡಿನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಮಹಿಳೆ ಭೇದಿಯಿಂದ ಬಳಲಿ ಮರಣ ಹೊಂದಿದಾಗ, ವಿಷವಿಕ್ಕಿದನೆಂಬ ಆರೋಪದ ಮೇಲೆ ಥಾಮಸ್ ಸ್ಮೆಥರ್ಸ್ಟ್ ಎಂಬಾತನಿಗೆ ಮರಣದಂಡನೆ ವಿಧಿಸಲಾಯಿತು. ಆಕೆಯ ಕರುಳನ್ನು ಪರೀಕ್ಷಿಸಿದ ಡಾ. ಸ್ಯಾಮ್ಯುಯೆಲ್ ವಿಲ್ಕ್ಸ್ ಅಲ್ಲಿ ಕಂಡ ಹುಣ್ಣುಗಳನ್ನು ವರ್ಣಿಸಿದರು. ಮುಂದೆ ಸ್ಮೆಥರ್ಸ್ಟ್‌ನಿಗೆ ಕೊಲೆಯ ಅಪರಾಧದಿಂದ ಕ್ಷಮಾದಾನ ದೊರೆಯಿತು. ಬೇನೆಯ ಹೆಸರು ವೈದ್ಯಕೀಯ ಬರಹದಲ್ಲಿ ಕಾಣಿಸಿಕೊಂಡದ್ದು ಆ ಪ್ರಕರಣದಿಂದ.

ಬೇನೆಯ ಸ್ವರೂಪ

ದೊಡ್ಡ ಕರುಳು ಸುಮಾರು ಐದು ಅಡಿ ಉದ್ದದ ನಾಳ. ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿಗೊಳಿಸುವುದು ಅದರ ಮುಖ್ಯ ಕಾರ್ಯ. ಈ ಬೇನೆಯಲ್ಲಿ ಉರಿಯೂತವು ಸಾಮಾನ್ಯವಾಗಿ ಗುದನಾಳದಲ್ಲಿ ಆರಂಭವಾಗಿ, ನಡುವೆ ಬಿಡದೆ ಮೇಲಕ್ಕೆ ಹಬ್ಬುತ್ತದೆ. ಕೆಲವರಲ್ಲಿ ಕೆಳಗಿನ ನಾಲ್ಕು ಬೆರಳಿನಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಇಡೀ ದೊಡ್ಡ ಕರುಳನ್ನು ವ್ಯಾಪಿಸುತ್ತದೆ. ಹೊರಗಿನ ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಹಳಿ ತಪ್ಪಿ ಸ್ವಂತ ಕರುಳನ್ನು ನೋಯಿಸುತ್ತದೆ. ಹೀಗೇಕೆ ಆಗುವುದೆಂಬುದಕ್ಕೆ ಒಂದೇ ಕಾರಣವಿಲ್ಲ. ಅನುವಂಶೀಯತೆ, ಕರುಳಿನ ಸೂಕ್ಷ್ಮಜೀವಿಗಳು ಮತ್ತು ಪರಿಸರ ಕೂಡಿ ಕೆಲಸ ಮಾಡುತ್ತವೆ.

ಇದು ಅಂಟುರೋಗವಲ್ಲ. ರೋಗಿಯ ತಟ್ಟೆ, ಲೋಟ, ಹಾಸಿಗೆಗಳಿಂದ ಯಾರಿಗೂ ಬರುವುದಿಲ್ಲ. ಪಾಪದ ಫಲವೂ ಅಲ್ಲ, ಸಿಟ್ಟಿನ ಫಲವೂ ಅಲ್ಲ. ಮನಸ್ಸಿನ ಒತ್ತಡ ಬೇನೆಯನ್ನು ಕೆರಳಿಸಬಹುದೇ ಹೊರತು ಹುಟ್ಟಿಸುವುದಿಲ್ಲ. ಯಾವ ವಯಸ್ಸಿನಲ್ಲಿಯೂ ಬರಬಹುದಾದರೂ ಹದಿನೈದರಿಂದ ನಲವತ್ತರೊಳಗಿನವರಲ್ಲಿ, ಅಂದರೆ ದುಡಿಯುವ ಮತ್ತು ಸಂಸಾರ ಕಟ್ಟುವ ವಯಸ್ಸಿನಲ್ಲಿ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇದು ಪಾಶ್ಚಾತ್ಯರ ಬೇನೆ ಎಂಬ ಭಾವನೆ ಒಂದು ಕಾಲಕ್ಕೆ ಇತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಜನರಲ್ಲಿ ಈ ಬೇನೆ ಕಂಡುಬಂದಿತು. ಭಾರತೀಯರಿಗೆ ಇದು ಅಪರೂಪವೆಂಬ ಮಾತನ್ನು ಆ ಸಂಖ್ಯೆ ಸುಳ್ಳಾಗಿಸಿತು.

ಲಕ್ಷಣಗಳು

ರಕ್ತ ಮತ್ತು ಲೋಳೆ ಬೆರೆತ ಮಲ, ತಡೆಯಲಾರದ ಅವಸರ, ಹೋಗಿ ಬಂದ ಮೇಲೂ ಪೂರ್ತಿಯಾಗಲಿಲ್ಲವೆಂಬ ಭಾವನೆ, ಕೆಳಹೊಟ್ಟೆಯ ನುಲಿತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ನಿಶ್ಶಕ್ತಿ: ಇವು ಮುಖ್ಯ ಲಕ್ಷಣಗಳು. ಕೆಲವರಲ್ಲಿ ಕೀಲುನೋವು, ಕಣ್ಣು ಕೆಂಪಾಗುವುದು, ಕಾಲುಗಳ ಮೇಲೆ ನೋವಿನ ಗಂಟುಗಳು ಸಹ ಕಾಣಿಸುತ್ತವೆ.

ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ಶುದ್ಧ ರಕ್ತ ಮಲದಿಂದ ಬೇರೆಯಾಗಿ, ತೊಟ್ಟಿಕ್ಕಿದಂತೆ ಬೀಳುತ್ತದೆ, ಭೇದಿ ಇರುವುದಿಲ್ಲ. ಅಮೀಬಾದ ಆಮಶಂಕೆ ಸರಿಯಾದ ಔಷಧಕ್ಕೆ ಹೆಚ್ಚಾಗಿ ಒಂದೆರಡು ವಾರಗಳಲ್ಲಿ ಬಗ್ಗುತ್ತದೆ. ಈ ವ್ಯತ್ಯಾಸ ಸಂಶಯ ಪಡಲು ಸಾಕು, ನಿರ್ಣಯಿಸಲು ಸಾಲದು.

ಪರೀಕ್ಷೆಗಳು

ಮೊದಲು ಮಲಪರೀಕ್ಷೆಯಿಂದ ಅಮೀಬಾ ಹಾಗೂ ಇತರ ಸೋಂಕುಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇದು ಬಹು ಮಹತ್ವದ್ದು. ಅಮೀಬಾ ಇದ್ದವರಿಗೆ ತಪ್ಪಿ ಸ್ಟಿರಾಯ್ಡ್ ಕೊಟ್ಟರೆ ಕರುಳು ತೂತಾಗುವ ಅಪಾಯವಿದೆ. ರಕ್ತಪರೀಕ್ಷೆಯಿಂದ ರಕ್ತಹೀನತೆ ಮತ್ತು ಉರಿಯೂತದ ಪ್ರಮಾಣ ತಿಳಿಯುತ್ತದೆ. ಮಲದಲ್ಲಿನ ‘ಕ್ಯಾಲ್‌ಪ್ರೊಟೆಕ್ಟಿನ್’ ಎಂಬ ಅಂಶವೂ ಕರುಳಿನ ಉರಿಯೂತವನ್ನು ತಿಳಿಸಿಕೊಡುತ್ತದೆ.

ಕೊನೆಯ ನಿರ್ಣಯ ಕೊಲೊನೊಸ್ಕೋಪಿಯದು. ಬಾಗುವ ನಳಿಕೆಯ ತುದಿಯ ಕ್ಯಾಮೆರಾದಿಂದ ಕರುಳನ್ನು ನೋಡಿ, ಅಕ್ಕಿಕಾಳಿಗಿಂತ ಚಿಕ್ಕ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕರುಳಿನ ಕ್ಷಯವನ್ನೂ ಕ್ರೋನ್ಸ್ ಎಂಬ ಇದರ ಸಹೋದರ ಬೇನೆಯನ್ನೂ ಬೇರ್ಪಡಿಸಲು ಈ ಪರೀಕ್ಷೆ ನೆರವಾಗುತ್ತದೆ. ಹೆಸರು ಕೇಳಿ ಹೆದರುವವರು ಬಹಳ. ಆದರೆ ನಿದ್ದೆಯ ಚುಚ್ಚುಮದ್ದು ಕೊಟ್ಟು ಮಾಡಿದರೆ ಹೆಚ್ಚಿನವರಿಗೆ ತೊಂದರೆಯ ಅರಿವೂ ಆಗುವುದಿಲ್ಲ. ಗಡಹಿಂಗ್ಲಜ ಭಾಗದವರು ಒಂದು ಕಾಲಕ್ಕೆ ದೊಡ್ಡ ಬೇನೆಗಳಿಗೆ ಮಿರಜಿನ ಮಿಷನ್ ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. ಇಂದು ಈ ಪರೀಕ್ಷೆಯ ಸೌಲಭ್ಯ ಉತ್ತರಕ್ಕೆ ಕೊಲ್ಹಾಪುರದಲ್ಲಿಯೂ ದಕ್ಷಿಣಕ್ಕೆ ಬೆಳಗಾವಿಯಲ್ಲಿಯೂ ಇದೆ.

ಔಷಧೋಪಚಾರ

ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ರೂಪಿಸಿದ ‘ಸಲ್ಫಾಸಲಜಿನ್’ 1940ರ ದಶಕದಲ್ಲಿ ಈ ಬೇನೆಗೂ ಗುಣಕಾರಿಯೆಂದು ಕಂಡುಬಂದಿತು. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ತೀವ್ರ ಬೇನೆಯಲ್ಲಿ ಕಾರ್ಟಿಸೋನ್ ಪ್ರಾಣ ಉಳಿಸಬಲ್ಲುದೆಂದು ತೋರಿಸಿದರು. 1977ರಲ್ಲಿ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್ ಆಕ್ಸ್‌ಫರ್ಡ್‌ನಲ್ಲಿ ಸಂಗಡಿಗರೊಡನೆ ಸಲ್ಫಾಸಲಜಿನ್ನಿನ ಯಾವ ಭಾಗ ಕೆಲಸ ಮಾಡುತ್ತದೆಂಬುದನ್ನು ಪತ್ತೆಹಚ್ಚಿದರು. ಆ ಭಾಗವೇ ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಮೆಸಲಮಿನ್’.

ಸೌಮ್ಯ ಹಾಗೂ ಮಧ್ಯಮ ಬೇನೆಗೆ ಮೆಸಲಮಿನ್ ಮೊದಲ ಔಷಧ. ಗುದನಾಳದ ಬೇನೆಗೆ ಬತ್ತಿ ಅಥವಾ ಎನಿಮಾದ ರೂಪದಲ್ಲಿ ಕೊಟ್ಟರೆ ಮಾತ್ರೆಗಿಂತ ಹೆಚ್ಚು ಫಲಿಸುತ್ತದೆ. ನಾಚಿಕೆಯಿಂದ ಅದನ್ನು ನಿರಾಕರಿಸುವುದು ತರವಲ್ಲ. ಬೇನೆ ಕೆರಳಿದಾಗ ಸ್ಟಿರಾಯ್ಡ್ ಕೊಡುವುದುಂಟು. ಅದು ಕೆಲವು ವಾರಗಳ ಅತಿಥಿ ಮಾತ್ರ. ವರ್ಷಗಟ್ಟಲೆ ನುಂಗಿದರೆ ಎಲುಬು ಸವೆದು, ಸಕ್ಕರೆಬೇನೆ ಹಾಗೂ ಕಣ್ಣಿನ ಪೊರೆ ಬರಬಹುದು. ಹಾಗೆಂದು ತಾನಾಗಿ ಥಟ್ಟನೆ ನಿಲ್ಲಿಸುವುದೂ ಅಪಾಯವೇ. ಇವುಗಳಿಗೆ ಬಗ್ಗದವರಿಗೆ ಅಜಾಥಯೊಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್, ಟೋಫಾಸಿಟಿನಿಬ್ ಮುಂತಾದವುಗಳಿವೆ. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಮೊದಲೇ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ, ಆಮೇಲೆ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯ. ಯಾವುದಕ್ಕೂ ಮಣಿಯದ ಬೇನೆಗೆ ದೊಡ್ಡ ಕರುಳನ್ನು ತೆಗೆದುಹಾಕುವ ಶಸ್ತ್ರಕ್ರಿಯೆ ಇದೆ. ಸಣ್ಣ ಕರುಳಿನಿಂದಲೇ ಒಳಚೀಲ ರಚಿಸುವ ವಿಧಾನ 1978ರಿಂದ ಪ್ರಚಾರಕ್ಕೆ ಬಂದಿದ್ದು, ಬಹುಜನರು ಸಹಜ ಮಾರ್ಗದಿಂದಲೇ ಶೌಚ ಮಾಡಬಲ್ಲರು.

ಗುಣವಾಯಿತೆಂದು ನಿಲ್ಲಿಸಬೇಡಿ

ಈ ಲೇಖನದಿಂದ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ. ರಕ್ತ ನಿಂತಿತು, ಮೈ ತುಂಬಿತು ಎಂದೊಡನೆ ಮಾತ್ರೆ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಮಾತ್ರೆಗೆ ಹಣ ಬೇಕು, ಪೇಟೆಗೆ ಹೋಗಬೇಕು, ನೆಟ್ಟಗಿರುವವನು ಮಾತ್ರೆ ನುಂಗುವುದೇಕೆ ಎಂಬ ಮನೆಯವರ ಪ್ರಶ್ನೆಯೂ ಇರುತ್ತದೆ. 1973ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ವೈದ್ಯರ ಅಧ್ಯಯನವೊಂದು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಸಲ್ಫಾಸಲಜಿನ್ ಸೇವಿಸುತ್ತ ಆರೋಗ್ಯದಿಂದಿದ್ದವರಲ್ಲಿ ಕೆಲವರಿಗೆ ಅದನ್ನು ಮುಂದುವರಿಸಿ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಹುಸಿಮಾತ್ರೆಯವರಲ್ಲಿ ಬೇನೆ ಮರುಕಳಿಸಿದ್ದು ನಾಲ್ಕು ಪಟ್ಟಿಗಿಂತ ಹೆಚ್ಚು. ಬೇನೆ ಹೋಗಿರುವುದಿಲ್ಲ, ಮಲಗಿರುತ್ತದೆ. ಅದನ್ನು ಮಲಗಿಸಿರುವುದೇ ಆ ಮಾತ್ರೆ. ಆದುದರಿಂದ ನಿಲ್ಲಿಸುವ ಅಥವಾ ಕಡಿಮೆ ಮಾಡುವ ಮಾತು ವೈದ್ಯರಿಂದಲೇ ಬರಬೇಕು. ಬೇರೆ ಪದ್ಧತಿಯ ಔಷಧ ಸೇವಿಸುತ್ತಿದ್ದರೂ ಅದನ್ನು ವೈದ್ಯರಿಂದ ಮುಚ್ಚಿಡಬಾರದು.

ಆಹಾರದ ಪಥ್ಯ

ಸಂಕೇಶ್ವರಿ ಮೆಣಸಿನಕಾಯಿಯ ಪೇಟೆಯಾದ ಗಡಹಿಂಗ್ಲಜದಲ್ಲಿ, ತಾಂಬಡಾ ರಸ್ಸಾದ ಊರಾದ ಕೊಲ್ಹಾಪುರದಲ್ಲಿ, ಬೇನೆಯ ಅಪವಾದವೆಲ್ಲ ಖಾರದ ಮೇಲೆ ಬೀಳುವುದು ಸ್ವಾಭಾವಿಕ. ಖಾರದಿಂದ ಈ ಬೇನೆ ಹುಟ್ಟುವುದಿಲ್ಲ. ಆದರೆ ಬೇನೆ ಕೆರಳಿದಾಗ ಖಾರ, ಎಣ್ಣೆ, ಸಿಪ್ಪೆ ಸಹಿತ ಕಾಳು, ಹಸಿ ತರಕಾರಿ ಹೊಟ್ಟೆಗೆ ಒಗ್ಗುವುದಿಲ್ಲ. ಆಗ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಬಾಳೆಹಣ್ಣು, ಒಗ್ಗಿದರೆ ಮೊಸರು ಮಜ್ಜಿಗೆ ಸಾಕು. ಬೇನೆ ಇಳಿದ ಮೇಲೆ ರೊಟ್ಟಿ ಪಲ್ಯ ಎಂದಿನಂತೆ ಉಣ್ಣಬಹುದು. ಯಾರೋ ಹೇಳಿದರೆಂದು ಹಾಲು, ಗೋಧಿ, ಬೇಳೆ ಎಲ್ಲವನ್ನೂ ಬಿಡುತ್ತ ಹೋದರೆ ಬೇನೆಗಿಂತ ಮೊದಲು ಅಪೌಷ್ಟಿಕತೆ ಕಾಡೀತು. ಕಠಿಣ ಉಪವಾಸಗಳಿಂದ ಇಂಥವರಿಗೆ ವಿನಾಯಿತಿ ಇರಲಿ.

ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬೇನೆಯನ್ನು ಕೆರಳಿಸಬಲ್ಲವು. ಧೂಮಪಾನಿಗಳಲ್ಲಿ ಈ ಬೇನೆ ತುಸು ಕಡಿಮೆಯೆಂಬುದು ನಿಜವಾದರೂ, ತಂಬಾಕು ತರುವ ಕೇಡುಗಳ ಮುಂದೆ ಅದು ಔಷಧವೆನಿಸಲಾರದು.

ಸಂಸಾರ ಮತ್ತು ಭವಿಷ್ಯ

ಮಗಳಿಗೆ ಈ ಬೇನೆ ಇದೆಯೆಂದು ತಿಳಿದರೆ ಸಂಬಂಧ ಕೂಡಿಬರಲಾರದೆಂದು ಮುಚ್ಚಿಡುವ ತಂದೆತಾಯಿಗಳಿದ್ದಾರೆ. ಮುಚ್ಚಿಟ್ಟ ಬೇನೆಗೆ ಮದುವೆಯ ಮರುದಿನದಿಂದ ಮಾತ್ರೆ ನಿಲ್ಲುತ್ತದೆ. ಕೆಲವೇ ತಿಂಗಳಲ್ಲಿ ಅದು ಮರುಕಳಿಸಬಹುದು. ವಾಸ್ತವವಾಗಿ ಬೇನೆ ಹತೋಟಿಯಲ್ಲಿದ್ದಾಗ ಗರ್ಭಧರಿಸಿದರೆ ಹೆಚ್ಚಿನವರಿಗೆ ಸುಖಪ್ರಸವವಾಗುತ್ತದೆ. ಮೆಸಲಮಿನ್ ಸಾಮಾನ್ಯವಾಗಿ ಬಸಿರಿನಲ್ಲಿಯೂ ಮುಂದುವರಿಯುತ್ತದೆ. ಗಂಡಸರಲ್ಲಿ ಸಲ್ಫಾಸಲಜಿನ್ ವೀರ್ಯಾಣುಗಳನ್ನು ತಾತ್ಕಾಲಿಕವಾಗಿ ತಗ್ಗಿಸುವುದರಿಂದ ಸಂತಾನಾಪೇಕ್ಷಿಗಳು ವೈದ್ಯರೊಡನೆ ಮಾತನಾಡಬೇಕು. ಮಕ್ಕಳಿಗೆ ಬರುವ ಸಂಭವ ಇತರರಿಗಿಂತ ತುಸು ಹೆಚ್ಚಾದರೂ ಬಹುತೇಕ ಮಕ್ಕಳಿಗೆ ಬರುವುದಿಲ್ಲ.

ಕರುಳಿನ ಹೆಚ್ಚು ಭಾಗ ಬೇನೆಗೆ ಒಳಗಾಗಿದ್ದರೆ ವರ್ಷಗಳು ಉರುಳಿದಂತೆ ಕ್ಯಾನ್ಸರಿನ ಭಯ ಹೆಚ್ಚುತ್ತದೆ. ಅದಕ್ಕಾಗಿ ಬೇನೆ ಆರಂಭವಾದ ಎಂಟು ವರ್ಷಗಳ ನಂತರ, ಆರೋಗ್ಯವಾಗಿದ್ದರೂ, ಗೊತ್ತುಪಡಿಸಿದ ಅಂತರದಲ್ಲಿ ಕೊಲೊನೊಸ್ಕೋಪಿ ಮಾಡಿಸಬೇಕು.

ದಿನಕ್ಕೆ ಆರು ಸಲ ಅಥವಾ ಹೆಚ್ಚು ರಕ್ತಭೇದಿಯೊಡನೆ ಜ್ವರ, ಎದೆಬಡಿತದ ವೇಗ, ಹೊಟ್ಟೆಯುಬ್ಬರ ಅಥವಾ ತೀವ್ರ ನೋವು ಇದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಬೇಕು. ಆಗ ಅಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತಂದು ನುಂಗುವುದು ಪ್ರಾಣಾಂತಿಕವಾದೀತು.

ಬಾಯಿ ಬಿಟ್ಟು ಹೇಳೋಣ

ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಅವರಿಗೆ ಹದಿಹರೆಯದಿಂದಲೇ ಈ ಬೇನೆ ಇತ್ತು. ಔಷಧದ ಬಲದಿಂದ ಆ ದೇಶದಲ್ಲಿ ಅತಿ ದೀರ್ಘ ಕಾಲ ಪ್ರಧಾನಿಯಾಗಿದ್ದು, 2020ರಲ್ಲಿ ಬೇನೆ ಮರುಕಳಿಸಿದಾಗ ಪತ್ರಕರ್ತರ ಮುಂದೆ ಅದರ ಹೆಸರು ಹೇಳಿಯೇ ಪದತ್ಯಾಗದ ನಿರ್ಧಾರ ಪ್ರಕಟಿಸಿದರು. ಒಂದು ದೇಶದ ಪ್ರಧಾನಿ ಜಗತ್ತಿಗೆ ಹೇಳಿದ್ದನ್ನು ನಾವು ನಮ್ಮ ವೈದ್ಯರಿಗೆ ಹೇಳಲು ಹಿಂಜರಿಯಬೇಕೆ?

ನಮ್ಮ ಮನೆಗಳಲ್ಲಿ ಈ ಹಿಂಜರಿಕೆಗೆ ಭಾಷೆಯ ತೊಡಕೂ ಸೇರುತ್ತದೆ. ಹುಕ್ಕೇರಿ, ಸಂಕೇಶ್ವರದ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ಮರಾಠಿ ವೈದ್ಯರೆದುರು ‘ಹೊಟ್ಟೆ ನೆಟ್ಟಗಿಲ್ಲ’ ಎಂಬುದನ್ನೇ ಹೇಗೋ ಹೇಳಿ ಸುಮ್ಮನಾಗುತ್ತಾಳೆ. ನಮ್ಮ ‘ಆಮ’ಕ್ಕೆ ಮರಾಠಿಯಲ್ಲಿ ‘ಆವ’ ಎನ್ನುತ್ತಾರೆ. ‘ರಕ್ತ’ ಎರಡೂ ಭಾಷೆಗಳಲ್ಲಿ ರಕ್ತವೇ. ಎಷ್ಟು ದಿನಗಳಿಂದ, ದಿನಕ್ಕೆ ಎಷ್ಟು ಸಲ, ರಾತ್ರಿ ಎಷ್ಟು ಸಲ, ರಕ್ತವೆಷ್ಟು, ಆಮವಿದೆಯೇ, ತೂಕವೆಷ್ಟು ಇಳಿದಿದೆ, ಯಾವ ಮಾತ್ರೆ ನುಂಗಿದ್ದಾಯಿತು: ಈ ಏಳು ಉತ್ತರಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋದರೆ ಅರ್ಧ ರೋಗನಿರ್ಣಯವಾದಂತೆ. ಮನೆಯಲ್ಲಿ ಎರಡೂ ಭಾಷೆ ಬಲ್ಲ ಮಗನೋ ಮಗಳೋ ಅಜ್ಜಿಗಾಗಿ, ಅತ್ತಿಗೆಗಾಗಿ ಆ ಕಾಗದ ಬರೆದುಕೊಡಲಿ. ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬರೆಯಬಲ್ಲ ಮಕ್ಕಳು ಗಡಿನಾಡಿನ ನಮ್ಮ ಮನೆಗಳಲ್ಲಿ ಇದ್ದೇ ಇದ್ದಾರೆ. ಶಾಲೆ ಕಲಿಸಿದ ಅಕ್ಷರಕ್ಕೆ ಇದಕ್ಕಿಂತ ಸಾರ್ಥಕವಾದ ಉಪಯೋಗ ಬೇರೊಂದಿರಲಾರದು.